ಬ್ಯಾಂಡಿನ ಹೆಸರು ಹೇಳಿದ ಹುಡುಗಿ: 13 ಹಾಡುಗಳ ಒಂದು ಸಿ.ಡಿ.ಯ ಕಥೆ

ಅಮೆರಿಕದ ನ್ಯೂಜೆರ್ಸಿ ರಾಜ್ಯ. ನರರೋಗದ ಡಾಕ್ಟರನ್ನು ನೋಡಲು ಬಂದ ಇಬ್ಬರು ಹೊರಗಿನ ಕುರ್ಚಿಗಳಲ್ಲಿ ಕಾಯುತ್ತಾ ಕೂತಿದ್ದಾರೆ. ಹುಡುಗನ ಹೆಸರು ಆಂಡ್ರ್ಯೂ. ಲಾಸ್ ಏಂಜಲಿಸ್‌ನಲ್ಲಿ ಸಣ್ಣಪುಟ್ಟ ಪಾರ್ಟು ಮಾಡಿಕೊಂಡಿರುವ ನಟ, ತಾಯಿ ತೀರಿಕೊಂಡಳೆಂದು ವರ್ಷಗಳ ಮೇಲೆ ಊರಿಗೆ ಬಂದಿದ್ದಾನೆ. ಹುಡುಗಿ ಸ್ಯಾಮ್, ಕಿವಿಗೆ ದೊಡ್ಡ ಹೆಡ್‌ಫೋನ್ ಹಾಕಿಕೊಂಡಿದ್ದಾಳೆ. ಏನು ಕೇಳ್ತಿದ್ದೀಯ ಅಂತ ಅವನು ಕೇಳುತ್ತಾನೆ. ‘ದಿ ಶಿನ್ಸ್’ ಅನ್ನುತ್ತಾಳೆ, ಗೊತ್ತಾ ಅಂತಲೂ ಕೇಳುತ್ತಾಳೆ. ಅವನಿಗೆ ಗೊತ್ತಿಲ್ಲ. ಈ ಹಾಡು ಕೇಳಿದರೆ ನಿನ್ನ ಬದುಕೇ ಬದಲಾಗುತ್ತದೆ ಎಂಬರ್ಥದ ಮಾತು ಹೇಳಿ ಹೆಡ್‌ಫೋನ್ ಅವನಿಗೆ ಕೊಡುತ್ತಾಳೆ. ಅವನು ಕೇಳುತ್ತಾನೆ, ಅವಳು ಅವನ ಮುಖವನ್ನೇ ನೋಡುತ್ತಾಳೆ.

ಅಷ್ಟೇ ದೃಶ್ಯ. ಸಿನಿಮಾದ ಹೆಸರು ‘ಗಾರ್ಡನ್ ಸ್ಟೇಟ್’, ತೆರೆಕಂಡದ್ದು 2004ರಲ್ಲಿ. ಗಾರ್ಡನ್ ಸ್ಟೇಟ್ ಅಂದರೆ ತೋಟಗಳ ರಾಜ್ಯ. ಅದು ನ್ಯೂಜೆರ್ಸಿಯ ಅಡ್ಡಹೆಸರು, ಅಲ್ಲಿನ ಗಾಡಿಗಳ ನಂಬರ್ ಪ್ಲೇಟಿನ ಮೇಲೂ ಇರುತ್ತದೆ. ಆ ದೃಶ್ಯದಿಂದ ಆಂಡ್ರ್ಯೂವಿನ ಬದುಕು ಎಷ್ಟು ಬದಲಾಯಿತೋ ಸಿನಿಮಾ ನೋಡಿ ನೀವೇ ಹೇಳಿ. ದಿ ಶಿನ್ಸ್ ಎಂಬ ಬ್ಯಾಂಡಿನ ಬದುಕಂತೂ ಬದಲಾಯಿತು. ಅದು ಹೇಗಾಯಿತು, ಅದೇ ಸಿ.ಡಿ.ಯಲ್ಲಿದ್ದ ಉಳಿದವರ ಕಥೆ ಏನು ಎಂಬುದನ್ನು ಇವತ್ತು ಹೇಳುತ್ತೇವೆ.

ಮೊದಲು ಒಂದು ವ್ಯತ್ಯಾಸ ತಿಳಿದುಕೊಳ್ಳಬೇಕು. ನಮ್ಮ ಸಿನಿಮಾಗಳಲ್ಲಿ ಹಾಡು ಸಿನಿಮಾಕ್ಕಾಗಿಯೇ ಹುಟ್ಟುತ್ತದೆ. ನಿರ್ದೇಶಕ ಸನ್ನಿವೇಶ ಹೇಳುತ್ತಾನೆ, ಸಂಗೀತ ನಿರ್ದೇಶಕ ಟ್ಯೂನ್ ಹಾಕುತ್ತಾನೆ, ಸಾಹಿತಿ ಬರೆಯುತ್ತಾನೆ. ಅಮೆರಿಕದಲ್ಲಿ ಇನ್ನೊಂದು ದಾರಿಯೂ ಇದೆ. ಯಾರೋ ಯಾವಾಗಲೋ ತಮ್ಮ ಪಾಡಿಗೆ ಮಾಡಿದ ಹಾಡುಗಳನ್ನು ಹುಡುಕಿ, ಅನುಮತಿ ಪಡೆದು, ದೃಶ್ಯಕ್ಕೆ ಜೋಡಿಸುವುದು. 1967ರ ‘ದಿ ಗ್ರಾಜುಯೇಟ್’ ಸಿನಿಮಾದಲ್ಲಿ ನಿರ್ದೇಶಕ ಮೈಕ್ ನಿಕೋಲ್ಸ್ ಸೈಮನ್ ಮತ್ತು ಗಾರ್ಫಂಕೆಲ್ ಜೋಡಿಯ ಆಗಲೇ ಬಂದಿದ್ದ ಹಾಡುಗಳನ್ನು ಬಳಸಿ ಈ ದಾರಿಯನ್ನು ಜನಪ್ರಿಯಗೊಳಿಸಿದ. ಈ ನಿಕೋಲ್ಸ್ ಹೆಸರು ನೆನಪಿರಲಿ, ಮುಂದೆ ಬರುತ್ತದೆ.

ಗಾರ್ಡನ್ ಸ್ಟೇಟ್ ಬರೆದು, ನಿರ್ದೇಶಿಸಿ, ಆಂಡ್ರ್ಯೂ ಪಾತ್ರವನ್ನೂ ಮಾಡಿದವನು ಝ್ಯಾಕ್ ಬ್ರಾಫ್. ‘ಸ್ಕ್ರಬ್ಸ್’ ಎಂಬ ಆಸ್ಪತ್ರೆಯ ಕಾಮಿಡಿ ಧಾರಾವಾಹಿಯಿಂದ ಟಿ.ವಿ. ನೋಡುವವರಿಗೆ ಪರಿಚಿತನಾಗಿದ್ದ, ಆದರೆ ನಿರ್ದೇಶಕನಾಗಿ ಹೊಸಬ. ಸ್ಕ್ರಿಪ್ಟ್ ಬರೆಯುವಾಗ ತಾನು ಯಾವ್ಯಾವ ಹಾಡು ಕೇಳುತ್ತಿದ್ದನೋ ಅವನ್ನೆಲ್ಲ ಒಂದು ಸಿ.ಡಿ.ಗೆ ಹಾಕಿ, ಸ್ಕ್ರಿಪ್ಟಿನ ಜೊತೆಗೇ ಕಳಿಸುತ್ತಿದ್ದ. ಓದುವವರಿಗೆ ಸಿನಿಮಾದ ಹದ ಗೊತ್ತಾಗಲಿ ಅಂತ. ಮೊಬೈಲ್ ಅಂಗಡಿಯಲ್ಲಿ ಮೆಮೊರಿ ಕಾರ್ಡಿಗೆ ಹಾಡು ಹಾಕಿಸುತ್ತಿದ್ದ ಕಾಲ ನೆನಪಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಂಗಡಿಯವನ ಹತ್ತಿರ ಸಾವಿರ ಹಾಡಿದ್ದರೂ, ಗೆಳೆಯನೊಬ್ಬ ಕೂತು ಆರಿಸಿ ಹಾಕಿಸಿದ ಕಾರ್ಡಿನ ರುಚಿಯೇ ಬೇರೆ ಇರುತ್ತಿತ್ತು.

ಸಿನಿಮಾಕ್ಕೆ ಖರ್ಚಾದದ್ದು ಸುಮಾರು 25 ಲಕ್ಷ ಡಾಲರ್, ಆಗಿನ ಲೆಕ್ಕದಲ್ಲಿ ಹತ್ತಿರತ್ತಿರ 11 ಕೋಟಿ ರೂಪಾಯಿ. ಹಾಲಿವುಡ್ ಮಟ್ಟಿಗೆ ಇದು ಚಿಲ್ಲರೆ ಕಾಸು. 2004ರ ಜನವರಿಯಲ್ಲಿ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ತೋರಿಸಿದರು, ಎರಡು ಕಂಪನಿಗಳು ಸೇರಿ ಕೊಂಡುಕೊಂಡವು. ಪ್ರಪಂಚದಾದ್ಯಂತ ಸುಮಾರು ಮೂರೂವರೆ ಕೋಟಿ ಡಾಲರ್ ಗಳಿಸಿತು. ಅದೇ ಆಗಸ್ಟ್‌ನಲ್ಲಿ ಹಾಡುಗಳ ಸಿ.ಡಿ. ಹೊರಬಂತು. 13 ಹಾಡು, 12 ಕಲಾವಿದರು. ಅಮೆರಿಕದಲ್ಲೇ 10 ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. 2005ರಲ್ಲಿ ಗ್ರ್ಯಾಮಿ ಪ್ರಶಸ್ತಿಯೂ ಬಂತು. ಹಾಡು ಬರೆಯದ, ವಾದ್ಯ ಮುಟ್ಟದ ಬ್ರಾಫ್ ಕೈಗೆ ಆ ಗ್ರ್ಯಾಮಿ ಸಿಕ್ಕಿದ್ದು ಹಾಡುಗಳನ್ನು ಆರಿಸಿ ಜೋಡಿಸಿದ್ದಕ್ಕೆ.

ಇಷ್ಟೊಂದು ಜನ ಒಂದು ಸಣ್ಣ ಸಿನಿಮಾದ ಸಿ.ಡಿ. ಕೊಂಡದ್ದು ಯಾಕೆ? ಹಾಡು ಚೆನ್ನಾಗಿದ್ದವು ಅನ್ನುವುದು ಅರ್ಧ ಉತ್ತರ. ಇನ್ನರ್ಧ ರೇಡಿಯೊದಲ್ಲಿದೆ.

ಅಮೆರಿಕದಲ್ಲಿ ಒಬ್ಬ ಮಾಲೀಕ ದೇಶದಲ್ಲಿ ಒಟ್ಟು 40 ರೇಡಿಯೊ ಸ್ಟೇಷನ್‌ಗಿಂತ ಹೆಚ್ಚು ಇಟ್ಟುಕೊಳ್ಳುವಂತಿರಲಿಲ್ಲ. 1996ರ ದೂರಸಂಪರ್ಕ ಕಾಯ್ದೆ ಈ ಮಿತಿಯನ್ನು ತೆಗೆದುಹಾಕಿತು. ಕೆಲವೇ ವರ್ಷಗಳಲ್ಲಿ ಕ್ಲಿಯರ್ ಚಾನೆಲ್ ಎಂಬ ಒಂದೇ ಕಂಪನಿಯ ಕೈಗೆ ಸುಮಾರು 1,200 ಸ್ಟೇಷನ್‌ಗಳು ಬಂದವು. ಊರಿಗೊಬ್ಬ ಇದ್ದ, ತನಗೆ ಇಷ್ಟವಾದ ಹೊಸ ಬ್ಯಾಂಡಿನ ಹಾಡನ್ನು ಧೈರ್ಯವಾಗಿ ಹಾಕುತ್ತಿದ್ದ ಉದ್ಘೋಷಕರ ಜಾಗ ಕಡಿಮೆಯಾಗುತ್ತಾ ಬಂತು. ದೊಡ್ಡ ಕಂಪನಿಗಳ ಅದೇ ನಲವತ್ತೈವತ್ತು ಹಾಡು ಊರೂರಲ್ಲೂ ತಿರುಗಿ ತಿರುಗಿ ಬರತೊಡಗಿದವು. ಸಣ್ಣ ಕಂಪನಿಗಳಿಂದ ಹಾಡು ತರುವ, ಗಿಟಾರು ಡ್ರಮ್ಮು ಹಿಡಿದ ಬ್ಯಾಂಡುಗಳದ್ದು ‘ಇಂಡಿ ರಾಕ್’. ಇಂಡಿ ಅಂದರೆ ಇಂಡಿಪೆಂಡೆಂಟ್, ಸ್ವತಂತ್ರ. ಅವರಿಗೆ ರೇಡಿಯೊದ ಬಾಗಿಲು ಮುಚ್ಚಿದ ಹಾಗೆಯೇ. ಇಂಟರ್ನೆಟ್ ಇತ್ತು, ಯೂಟ್ಯೂಬ್ ಇನ್ನೂ ಹುಟ್ಟಿರಲಿಲ್ಲ. ದೊಡ್ಡ ಶಹರದವರು ಬಿಡಿ, ಹತ್ತಿರದಲ್ಲಿ ಒಳ್ಳೆಯ ಸಿ.ಡಿ. ಅಂಗಡಿಯೂ ಇಲ್ಲದ ಸಣ್ಣ ಊರಿನ ಹುಡುಗರಿಗೆ ಇಂಥ ಹಾಡು ಕೇಳಲು ಸಿಗುವುದೇ ಕಷ್ಟವಿತ್ತು. ಸಿನಿಮಾ ಮಾತ್ರ ಸಣ್ಣ ಊರಿಗೂ ಬರುತ್ತಿತ್ತು, ಅದರ ಡಿ.ವಿ.ಡಿ. ಬಾಡಿಗೆಗೂ ಸಿಗುತ್ತಿತ್ತು. ರೇಡಿಯೊ ಮಾಡಬೇಕಾದ ಕೆಲಸವನ್ನು ಸಿನಿಮಾ ಮಾಡಿತು.

ದಿ ಶಿನ್ಸ್ ಹುಟ್ಟಿದ್ದೂ ದೊಡ್ಡ ಸಂಗೀತ ನಗರದಲ್ಲಲ್ಲ. ನ್ಯೂ ಮೆಕ್ಸಿಕೊ ಎಂಬ ಮರುಭೂಮಿ ರಾಜ್ಯದ ಆಲ್ಬುಕರ್ಕಿಯಲ್ಲಿ 1996ರಲ್ಲಿ ಜೇಮ್ಸ್ ಮರ್ಸರ್ ಶುರುಮಾಡಿದ್ದು. ಬೇರೊಂದು ಬ್ಯಾಂಡಿನಲ್ಲಿದ್ದುಕೊಂಡೇ ಬಿಡುವಿನಲ್ಲಿ ಮಾಡಿದ ಕೆಲಸ. ಸ್ಯಾಮ್ ಕೇಳಿಸಿದ ಹಾಡಿನ ಹೆಸರು ‘ನ್ಯೂ ಸ್ಲ್ಯಾಂಗ್’. 2001ರಲ್ಲಿ ಸಿಯಾಟಲ್‌ನ ಸಬ್ ಪಾಪ್ ಕಂಪನಿ ಅದನ್ನು ಹೊರತಂದಿತು. ನಿರ್ವಾಣ ಎಂಬ ಪ್ರಸಿದ್ಧ ಬ್ಯಾಂಡಿನ ಮೊದಲ ಆಲ್ಬಂ ತಂದದ್ದೂ ಇದೇ ಸಬ್ ಪಾಪ್. ಹಾಡಿನ ಹಿಂದಿರುವುದು ಊರು ಬಿಟ್ಟು ಹೋಗಬೇಕೆಂಬ ಹುಡುಗನೊಬ್ಬನ ಚಡಪಡಿಕೆ. ಸಿನಿಮಾದಲ್ಲಿ ಅದನ್ನು ಕೇಳುವವನು ಊರಿಗೆ ಮರಳಿ ಬಂದವನು. ಬ್ರಾಫ್ ಇದನ್ನು ಯೋಚಿಸಿ ಮಾಡಿದನೋ ಇಲ್ಲವೋ, ಜೋಡಣೆ ಚೆನ್ನಾಗಿ ಕೂತಿದೆ.

ಸಿನಿಮಾಕ್ಕೂ ಮೊದಲೇ ಈ ಹಾಡು ಕೋಟ್ಯಂತರ ಜನರ ಕಿವಿಗೆ ಬಿದ್ದಿತ್ತು. 2002ರ ಹೊತ್ತಿಗೆ ಮೆಕ್‌ಡೊನಾಲ್ಡ್ಸ್‌ನ ಟಿ.ವಿ. ಜಾಹೀರಾತಿನಲ್ಲಿ ಬಳಕೆಯಾಗಿತ್ತು. ಬ್ಯಾಂಡು ದುಡ್ಡಿಗೆ ಮಾರಿಕೊಂಡಿತು ಎಂದು ಹಳೆಯ ಅಭಿಮಾನಿಗಳು ಕೋಪಿಸಿಕೊಂಡರು. ಆದರೂ ಬ್ಯಾಂಡು ಮನೆಮಾತಾಗಲಿಲ್ಲ. ಎರಡು ವರ್ಷ ಬಿಟ್ಟು ಸಿನಿಮಾ ಬಂತು, ಆಮೇಲೆ 2007ರ ಜನವರಿಯಲ್ಲಿ ಶಿನ್ಸ್‌ನ ಮೂರನೇ ಆಲ್ಬಂ ಬಂತು. ಮೊದಲ ವಾರವೇ 1 ಲಕ್ಷ 18 ಸಾವಿರ ಪ್ರತಿ ಮಾರಾಟವಾಗಿ ಬಿಲ್‌ಬೋರ್ಡ್ ಪಟ್ಟಿಯಲ್ಲಿ ನೇರ ಎರಡನೇ ಸ್ಥಾನ. ಸಬ್ ಪಾಪ್ ಅಲ್ಲಿಯವರೆಗೆ ಅಷ್ಟು ಮೇಲೆ ಹತ್ತಿರಲಿಲ್ಲ.

ಜಾಹೀರಾತಿನಿಂದ ಆಗದ್ದು ಸಿನಿಮಾದಿಂದ ಹೇಗಾಯಿತು? ನಮ್ಮ ಲೆಕ್ಕ ಸರಳ. ಜಾಹೀರಾತಿನಲ್ಲಿ ಹಾಡು ಕೇಳಿಸಿತು, ಹೆಸರು ಕೇಳಿಸಲಿಲ್ಲ. ಸಿನಿಮಾದಲ್ಲಿ ಹುಡುಗಿ ಬ್ಯಾಂಡಿನ ಹೆಸರನ್ನು ಬಾಯಿಬಿಟ್ಟು ಹೇಳಿದಳು. ಕೇಳಿದವನಿಗೆ ಮರುದಿನ ಅಂಗಡಿಗೆ ಹೋಗಿ ಏನಂತ ಕೇಳಬೇಕು ಅಂತ ಗೊತ್ತಾಯಿತು.

ಇದು ಸಣ್ಣ ವಿಷಯವಲ್ಲ. ಆಕಾಶವಾಣಿ ಕೇಳಿ ಬೆಳೆದವರಿಗೆ ಗೊತ್ತು: ಹಾಡಿಗೆ ಮೊದಲೋ ಕೊನೆಗೋ ಚಿತ್ರ ಯಾವುದು, ಸಾಹಿತ್ಯ ಯಾರದ್ದು, ಸಂಗೀತ ಯಾರದ್ದು, ಹಾಡಿದವರು ಯಾರು ಎಂದು ತಪ್ಪದೆ ಹೇಳುತ್ತಿದ್ದರು. ಅಕ್ಷರ ಬಾರದ ಎಷ್ಟೋ ಹಿರಿಯರು ಗೀತರಚನೆಕಾರರ ಹೆಸರನ್ನು ಸಲೀಸಾಗಿ ಹೇಳುವುದು ಇದರಿಂದಲೇ. ಈಗ ರೀಲ್ಸ್‌ನಲ್ಲಿ ಹದಿನೈದು ಸೆಕೆಂಡು ಹಾಡು ಬರುತ್ತದೆ, ಯಾರದ್ದು ಅಂತ ಕೇಳಿದರೆ ಹಾಕಿದವನಿಗೇ ಗೊತ್ತಿರುವುದಿಲ್ಲ.

ನಮ್ಮಲ್ಲಿ ಕೆಲವರಿಗೆ ಈ ಹಾಡುಗಳು ಸಿಕ್ಕಿದ್ದೂ ಹಾಗೆಯೇ. ಪತ್ರಿಕೋದ್ಯಮ ಓದುವಾಗ ಹಾಸ್ಟೆಲಿನಲ್ಲಿ ಕೈಯಿಂದ ಕೈಗೆ ಬಂದ ಪೆನ್‌ಡ್ರೈವ್. ಅದರಲ್ಲಿ ಟ್ರ್ಯಾಕ್ ಒಂದು, ಟ್ರ್ಯಾಕ್ ಎರಡು ಅಂತ ಹದಿಮೂರು ಫೈಲು. ಇಂಗ್ಲಿಷ್ ಹಾಡಿನ ಸಾಲುಗಳು ಅರ್ಧ ಅರ್ಥವಾಗುತ್ತಿದ್ದವು, ಅರ್ಧ ಇಲ್ಲ. ನಾಲ್ಕನೇ ಹಾಡು ಯಾರದ್ದೆಂದು ಸಿನಿಮಾ ನೋಡಿದ ಮೇಲೆ ತಿಳಿಯಿತು, ಸ್ಯಾಮ್ ಹೇಳಿದ್ದರಿಂದ. ಉಳಿದವರ ಹೆಸರುಗಳನ್ನು ಸೈಬರ್ ಸೆಂಟರಿನಲ್ಲಿ ಕೂತು ಒಂದೊಂದಾಗಿ ಹುಡುಕಿದೆವು. ಒಂದೊಂದು ಹೆಸರಿನ ಹಿಂದೆಯೂ ಒಂದೊಂದು ಕಥೆ.

ಅವುಗಳಲ್ಲಿ ನಮಗೆ ಬಹಳ ಇಷ್ಟವಾದದ್ದು ಪೋಸ್ಟಾಫೀಸಿನ ಕಥೆ. ಹನ್ನೊಂದನೇ ಹಾಡು ‘ಸಚ್ ಗ್ರೇಟ್ ಹೈಟ್ಸ್’. ಸಿ.ಡಿ.ಯಲ್ಲಿ ಅದನ್ನು ಹಾಡಿದವನು ಐರನ್ ಆ್ಯಂಡ್ ವೈನ್ ಎಂಬ ಹೆಸರಿನಲ್ಲಿ ಹಾಡುವ ಸ್ಯಾಮ್ ಬೀಮ್. ಫ್ಲಾರಿಡಾದ ಕಾಲೇಜಿನಲ್ಲಿ ಸಿನಿಮಾ ಪಾಠ ಮಾಡಿಕೊಂಡು, ಮನೆಯಲ್ಲೇ ನಾಲ್ಕು ಟ್ರ್ಯಾಕಿನ ಸಣ್ಣ ಯಂತ್ರದಲ್ಲಿ ಹಾಡು ರೆಕಾರ್ಡ್ ಮಾಡುತ್ತಿದ್ದ ಗಡ್ಡದ ಮೇಷ್ಟ್ರು. ಗಿಟಾರಿನ ಜೊತೆ ಪಿಸುಮಾತಿನಂತೆ ಹಾಡುತ್ತಾನೆ. ಆದರೆ ಹಾಡು ಆತನದ್ದಲ್ಲ. ಮೂಲ ಹಾಡು ‘ದಿ ಪೋಸ್ಟಲ್ ಸರ್ವೀಸ್’ ಎಂಬ ಬ್ಯಾಂಡಿನದು, ಕಂಪ್ಯೂಟರ್ ಬೀಟುಗಳ ಮೇಲೆ ಓಡುವ ಹಾಡು. ಒಂದೇ ಹಾಡನ್ನು ಎರಡೂ ರೀತಿಯಲ್ಲಿ ಕೇಳಿದರೆ ಅಣ್ಣತಮ್ಮಂದಿರು ಅಂತ ಗುರುತಿಸುವುದೇ ಕಷ್ಟ.

ಆ ಬ್ಯಾಂಡಿಗೆ ಅಂಚೆ ಸೇವೆ ಅಂತ ಹೆಸರು ಯಾಕೆ ಬಂತೆಂದರೆ, ಅದರ ಇಬ್ಬರು ಸದಸ್ಯರು ಬೇರೆ ಬೇರೆ ಊರಿನವರು. ಲಾಸ್ ಏಂಜಲಿಸ್‌ನಲ್ಲಿದ್ದ ಜಿಮ್ಮಿ ಟಾಂಬೊರೆಲ್ಲೊ ಸಂಗೀತ ಮಾಡಿ ಸಿ.ಡಿ.ಗೆ ಹಾಕಿ ಅಂಚೆಯಲ್ಲಿ ಕಳಿಸುತ್ತಿದ್ದ. ಸಿಯಾಟಲ್‌ನಲ್ಲಿದ್ದ ಬೆನ್ ಗಿಬ್ಬರ್ಡ್ ಅದಕ್ಕೆ ಸಾಹಿತ್ಯ ಮತ್ತು ದನಿ ಸೇರಿಸಿ ವಾಪಸ್ ಕಳಿಸುತ್ತಿದ್ದ. ಹೀಗೆ ಹೋಗಿ ಬಂದು 2003ರಲ್ಲಿ ಒಂದು ಆಲ್ಬಂ ಆಯಿತು, ಅದೂ ಸಬ್ ಪಾಪ್‌ನದೇ. ಆಲ್ಬಂ ಹೆಸರು ಮಾಡುತ್ತಿದ್ದಂತೆ ಅಮೆರಿಕದ ಸರ್ಕಾರಿ ಅಂಚೆ ಇಲಾಖೆಯಿಂದ ನೋಟಿಸ್ ಬಂತು: ಪೋಸ್ಟಲ್ ಸರ್ವೀಸ್ ಎಂಬ ಹೆಸರು ನಮ್ಮದು, ಬಳಸುವುದನ್ನು ನಿಲ್ಲಿಸಿ. ಕೋರ್ಟಿಗೆ ಅಲೆಯುವ ಬದಲು 2004ರಲ್ಲಿ ರಾಜಿಯಾಯಿತು. ಬ್ಯಾಂಡು ಹೆಸರು ಇಟ್ಟುಕೊಳ್ಳಬಹುದು, ಬದಲಿಗೆ ಅಂಚೆಗೆ ಒಂದಿಷ್ಟು ಪ್ರಚಾರ ಮಾಡಬೇಕು. ಆ ನವೆಂಬರ್‌ನಲ್ಲಿ ಅಂಚೆ ಇಲಾಖೆಯ ಹಿರಿಯ ಅಧಿಕಾರಿಗಳ ಸಮ್ಮೇಳನದಲ್ಲಿ ಬ್ಯಾಂಡು ಹಾಡಿತು. ಇಲಾಖೆ ತನ್ನ ವೆಬ್‌ಸೈಟಿನಲ್ಲಿ ಅವರ ಸಿ.ಡಿ.ಯನ್ನೂ ಮಾರಿತು. ಸರ್ಕಾರಿ ಇಲಾಖೆಯೊಂದು ಇಷ್ಟು ರಸಿಕತೆ ತೋರಿಸಿದ್ದನ್ನು ನಾವು ಬೇರೆಲ್ಲೂ ಕೇಳಿಲ್ಲ.

ಇಲ್ಲೇ ಹಕ್ಕಿನ ವಿಷಯವನ್ನೂ ಹೇಳಿಬಿಡೋಣ. ಒಂದು ಹಾಡನ್ನು ಸಿನಿಮಾಕ್ಕೆ ಬಳಸಲು ಎರಡು ಅನುಮತಿ ಬೇಕು. ಒಂದು, ಹಾಡು ಕಟ್ಟಿದವರಿಂದ. ಇನ್ನೊಂದು, ಆ ರೆಕಾರ್ಡಿಂಗ್ ಯಾರ ಒಡೆತನದಲ್ಲಿದೆಯೋ ಅವರಿಂದ. ಆದ್ದರಿಂದ ಸ್ಯಾಮ್ ಬೀಮ್ ಹಾಡಿದರೂ ಗಿಬ್ಬರ್ಡ್ ಮತ್ತು ಟಾಂಬೊರೆಲ್ಲೊಗೆ ಪಾಲಿದೆ. ಸಿ.ಡಿ. ಮಾರಾಟ ಬಿದ್ದುಹೋದ ಮುಂದಿನ ವರ್ಷಗಳಲ್ಲಿ ಸಣ್ಣ ಬ್ಯಾಂಡುಗಳ ಪಾಲಿಗೆ ಸಿನಿಮಾ, ಧಾರಾವಾಹಿ, ಜಾಹೀರಾತುಗಳಿಂದ ಬರುವ ಈ ದುಡ್ಡೇ ಮುಖ್ಯ ಆದಾಯಗಳಲ್ಲೊಂದಾಯಿತು. ಶಿನ್ಸ್ ಮೇಲೆ ಕೋಪಿಸಿಕೊಂಡವರ ಕೋಪ ಆಮೇಲೆ ತಣ್ಣಗಾಗಲು ಇದೂ ಕಾರಣವಿರಬೇಕು.

ಈಗ ಮೈಕ್ ನಿಕೋಲ್ಸ್‌ಗೆ ಬರೋಣ. ದಿ ಗ್ರಾಜುಯೇಟ್ ಗೆದ್ದ ಮೇಲೆ ಆತ ‘ಕ್ಯಾಚ್-22’ ಎಂಬ ಯುದ್ಧದ ಸಿನಿಮಾ ಮಾಡಲು ಹೊರಟ. ಗಾರ್ಫಂಕೆಲ್‌ಗೆ ಪಾತ್ರ ಕೊಟ್ಟ. ಸೈಮನ್‌ಗೂ ಒಂದು ಪಾತ್ರವಿತ್ತು, ಅದನ್ನು ಕಿತ್ತುಹಾಕಿದರು. ಗಾರ್ಫಂಕೆಲ್ ಶೂಟಿಂಗ್‌ಗೆಂದು ಮೆಕ್ಸಿಕೊಗೆ ಹೋದ, ಸೈಮನ್ ನ್ಯೂಯಾರ್ಕಿನಲ್ಲಿ ಒಂಟಿಯಾಗಿ ಉಳಿದ. ಆ ಒಂಟಿತನದಲ್ಲಿ ಬರೆದದ್ದು ‘ದಿ ಓನ್ಲಿ ಲಿವಿಂಗ್ ಬಾಯ್ ಇನ್ ನ್ಯೂಯಾರ್ಕ್’. 1970ರಲ್ಲಿ ಹಾಡು ಬಂತು, ಅದೇ ವರ್ಷ ಜೋಡಿ ಮುರಿಯಿತು. ಗಾರ್ಡನ್ ಸ್ಟೇಟ್‌ನಲ್ಲಿ ಮೂವರು ಗೆಳೆಯರು ಮಳೆಯಲ್ಲಿ ನೆನೆಯುತ್ತಾ, ಕಲ್ಲುಕ್ವಾರಿಯ ಪ್ರಪಾತದ ಅಂಚಿನಲ್ಲಿ ನಿಂತು ಗಂಟಲು ಹರಿಯುವಂತೆ ಕೂಗುವ ದೃಶ್ಯಕ್ಕೆ ಈ ಹಾಡಿದೆ. ಹಳೆಯ ಹಾಡು ಸಿನಿಮಾಕ್ಕೆ ಬಳಸುವ ದಾರಿ ತೋರಿಸಿದ ನಿರ್ದೇಶಕನೇ, ತಿಳಿಯದೆ, ಇನ್ನೊಂದು ಸಿನಿಮಾದ ಹಾಡಿಗೂ ಕಾರಣನಾದ.

ಎಂಟನೇ ಹಾಡಿನವನ ಕಥೆ ಹೇಳುವಾಗ ಮನಸ್ಸು ಭಾರವಾಗುತ್ತದೆ. ನಿಕ್ ಡ್ರೇಕ್. ಇಂಗ್ಲೆಂಡಿನವನಾದರೂ ಹುಟ್ಟಿದ್ದು 1948ರಲ್ಲಿ ಬರ್ಮಾದ ರಂಗೂನಿನಲ್ಲಿ. 1969ರಿಂದ 1972ರೊಳಗೆ ಮೂರು ಆಲ್ಬಂ ಮಾಡಿದ, ಮೂರೂ ಕೆಲವೇ ಸಾವಿರ ಪ್ರತಿ ಮಾರಾಟವಾದವು. ಜನರೆದುರು ಹಾಡುವುದೆಂದರೆ ಆತನಿಗೆ ಆಗುತ್ತಿರಲಿಲ್ಲ, ಹಾಡಿದಾಗ ಜನ ಮಾತಾಡುತ್ತಾ ಕೂರುತ್ತಿದ್ದರು. ಖಿನ್ನತೆಯಿಂದ ಬಳಲಿ ತಂದೆತಾಯಿಯ ಮನೆಗೆ ವಾಪಸಾದ. 1974ರಲ್ಲಿ ತೀರಿಕೊಂಡಾಗ ವಯಸ್ಸು 26. ಆತನ ಕೊನೆಯ ಆಲ್ಬಂನ ಒಂದು ಹಾಡು 2000ದ ಸುಮಾರಿಗೆ ಫೋಕ್ಸ್‌ವ್ಯಾಗನ್ ಕಾರಿನ ಜಾಹೀರಾತಿನಲ್ಲಿ ಬಂತು, ಆಮೇಲೆ ಎರಡನೇ ಆಲ್ಬಂನ ‘ಒನ್ ಆಫ್ ದೀಸ್ ಥಿಂಗ್ಸ್ ಫಸ್ಟ್’ ಈ ಸಿನಿಮಾದಲ್ಲಿ. ಬದುಕಿದ್ದಾಗ ಸಿಗದ ಕೇಳುಗರು ಆತ ಸತ್ತು ಕಾಲು ಶತಮಾನ ಕಳೆದ ಮೇಲೆ ಸಿಕ್ಕರು.

ಉಳಿದವರನ್ನು ಬೇಗ ನೋಡಿಬಿಡೋಣ. ಐದನೇ ಹಾಡಿನ ಕಾಲಿನ್ ಹೇ 1983ರಲ್ಲಿ ‘ಮೆನ್ ಅಟ್ ವರ್ಕ್’ ಬ್ಯಾಂಡಿನಲ್ಲಿದ್ದು ಅಮೆರಿಕ, ಬ್ರಿಟನ್ ಎರಡರಲ್ಲೂ ಮೊದಲ ಸ್ಥಾನ ಕಂಡವನು. ಇಪ್ಪತ್ತು ವರ್ಷ ಬಿಟ್ಟು ಲಾಸ್ ಏಂಜಲಿಸ್‌ನ ಒಂದು ಸಣ್ಣ ಕ್ಲಬ್ಬಿನಲ್ಲಿ ಒಂಟಿ ಗಿಟಾರಿನೊಂದಿಗೆ ಹಾಡುತ್ತಿದ್ದಾಗ ಬ್ರಾಫ್ ಕಣ್ಣಿಗೆ ಬಿದ್ದ. ರೆಮಿ ಝೀರೋ ಬ್ಯಾಂಡು ಸಿನಿಮಾ ಬರುವ ಮೊದಲೇ ಒಡೆದುಹೋಗಿತ್ತು. ‘ಲೆಬನೀಸ್ ಬ್ಲಾಂಡ್’ ಹಾಡಿನಲ್ಲಿ ನಮ್ಮ ಸಿತಾರಿನ ದನಿ ಇದೆ. ಕ್ಯಾರಿ ಬ್ರದರ್ಸ್ ಅಂದರೆ ಅಣ್ಣತಮ್ಮಂದಿರು ಅಂದುಕೊಂಡಿದ್ದೆವು. ಅಲ್ಲ, ಒಬ್ಬನೇ ಮನುಷ್ಯ, ಮನೆತನದ ಹೆಸರೇ ಬ್ರದರ್ಸ್. ಮೊದಲ ಹಾಡಿನ ಕೋಲ್ಡ್‌ಪ್ಲೇಗೆ ಆಗಲೇ ಯಾರ ಸಹಾಯವೂ ಬೇಕಿರಲಿಲ್ಲ. ಇಂಡಿ ಇಂಡಿ ಅಂತ ಇಷ್ಟು ಹೊತ್ತು ಹೇಳಿದೆವಲ್ಲ, ಈ ಸಿ.ಡಿ.ಯನ್ನು ಹೊರತಂದದ್ದು ಎಪಿಕ್ ರೆಕಾರ್ಡ್ಸ್, ಸೋನಿಗೆ ಸೇರಿದ್ದು. ಸಣ್ಣವರ ಹಾಡು ಜನರಿಗೆ ತಲುಪಿದ್ದು ದೊಡ್ಡವರ ಲಾರಿಯಲ್ಲೇ.

ಸಿನಿಮಾವನ್ನು ಈಗ ಎಲ್ಲರೂ ಹೊಗಳುವುದಿಲ್ಲ. ಬೇಜಾರಿನ ಹುಡುಗನ ಬಾಳಿಗೆ ಬೆಳಕಾಗುವುದನ್ನು ಬಿಟ್ಟು ಸ್ಯಾಮ್‌ಗೆ ಬೇರೆ ಕೆಲಸವೇ ಇಲ್ಲ ಎಂಬ ಟೀಕೆ ಇದೆ. ಇಂಥ ನಾಯಕಿಯರಿಗೆ ನೇಥನ್ ರೇಬಿನ್ ಎಂಬ ವಿಮರ್ಶಕ 2007ರಲ್ಲಿ ಒಂದು ಹೆಸರನ್ನೇ ಕೊಟ್ಟ, ಅದು ಇಂಗ್ಲಿಷಿನಲ್ಲಿ ಈಗ ಬಳಕೆಯ ಮಾತಾಗಿದೆ. ಟೀಕೆ ಸರಿಯಾದದ್ದೇ. ಈ ಸಲ ಮತ್ತೆ ನೋಡಿದಾಗ ನಮಗೂ ಆಂಡ್ರ್ಯೂವಿನ ಮೌನ ಸ್ವಲ್ಪ ಜಾಸ್ತಿಯಾಯಿತು ಅನ್ನಿಸಿತು. ಹಾಡುಗಳು ಮಾತ್ರ ಹಳತಾಗಿಲ್ಲ. ಮುಂದೆ ಬೇರೆಯವರೂ ಇದೇ ದಾರಿ ಹಿಡಿದರು. 2008ರ ಜನವರಿಯಲ್ಲಿ ‘ಜೂನೊ’ ಸಿನಿಮಾದ ಹಾಡುಗಳು ಬಿಲ್‌ಬೋರ್ಡ್‌ನಲ್ಲಿ ಮೊದಲ ಸ್ಥಾನಕ್ಕೇ ಹೋದವು.

2025ರ ಮಾರ್ಚ್‌ನಲ್ಲಿ ಲಾಸ್ ಏಂಜಲಿಸ್‌ನ ಗ್ರೀಕ್ ಥಿಯೇಟರ್ ಎಂಬ ಬಯಲು ರಂಗಮಂದಿರದಲ್ಲಿ ಈ ಸಿ.ಡಿ.ಯ ಇಪ್ಪತ್ತು ವರ್ಷದ ನೆನಪಿಗೆ ಕಾರ್ಯಕ್ರಮ ನಡೆಯಿತು. ದಿ ಶಿನ್ಸ್, ಐರನ್ ಆ್ಯಂಡ್ ವೈನ್, ಕಾಲಿನ್ ಹೇ ಬಂದರು, ಒಡೆದುಹೋಗಿದ್ದ ರೆಮಿ ಝೀರೋದವರೂ ಬಂದರು. ಅದು ಮನೆಯಿಲ್ಲದವರಿಗೆ ಆಸರೆ ಕೊಡುವ ಮಿಡ್‌ನೈಟ್ ಮಿಷನ್ ಸಂಸ್ಥೆಯ ಸಹಾಯಾರ್ಥ ನಡೆದ ಕಾರ್ಯಕ್ರಮ.

ಕೇಳಬೇಕೆನ್ನಿಸಿದರೆ ಎಲ್ಲವೂ ಫೋನಿನಲ್ಲೇ ಸಿಗುತ್ತದೆ. ಗಾರ್ಡನ್ ಸ್ಟೇಟ್ ಸಾಂಗ್ಸ್ ಅಂತ ಹುಡುಕಬೇಡಿ, ಕಲಾವಿದರ ಹೆಸರು ಹಾಕಿ ಹುಡುಕಿ, ಆಗ ಅವರ ಬೇರೆ ಹಾಡುಗಳೂ ಕಾಣಿಸುತ್ತವೆ. ಮೊದಲು ಎಂಟನೆಯದು, ನಿಕ್ ಡ್ರೇಕ್. ಇಯರ್‌ಫೋನ್ ಇರಲಿ, ಆತನ ದನಿ ಸಣ್ಣದು, ಸ್ಪೀಕರಿನಲ್ಲಿ ಗಿಟಾರಿನ ಬೆರಳಾಟ ಕೇಳಿಸುವುದಿಲ್ಲ.